ಹೊಸ ಉದ್ಯಮಗಳಿಗೆ ಆರ್ಥಿಕ ನೆರವು: ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಅರ್ಜಿದಾರರಿಗೆ ಮಾಹಿತಿ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗಗಳಲ್ಲಿ ಸ್ವಂತ ಉದ್ಯಮ ಸ್ಥಾಪಿಸಲು ಇಚ್ಛಿಸುವವರು ಬ್ಯಾಂಕ್ ಸಾಲ, ಸರ್ಕಾರದ ಸಹಾಯಧನ ಅಥವಾ ನವೋದ್ಯಮ ಅನುದಾನಕ್ಕೆ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ. ಯೋಜನೆಗಳ ಹೆಸರು ಅನೇಕರಿಗೆ ತಿಳಿದಿರುತ್ತದೆ. ಆದರೆ ಅರ್ಜಿ ತಿರಸ್ಕೃತವಾಗುವುದು ಅಥವಾ ಸಾಲ ಮಂಜೂರಾದ ಎರಡನೇ ವರ್ಷದಲ್ಲೇ ಘಟಕ ಮುಚ್ಚುವುದು ಹೆಚ್ಚಾಗಿ ಹೆಸರಿನ ಅರಿವಿಲ್ಲದೆ ಅಲ್ಲ. ಸ್ಥಳ, ಲೆಕ್ಕ ಮತ್ತು ಮಾರುಕಟ್ಟೆ ಈ ಮೂರನ್ನು ಮೊದಲೇ ಪರಿಶೀಲಿಸದಿರುವುದರಿಂದ. ಆದ್ದರಿಂದ ಈ ಮೂರು ಅಂಶಗಳಿಗೆ ಇಲ್ಲಿ ಹೆಚ್ಚಿನ ಸ್ಥಳ ನೀಡಲಾಗಿದೆ.

ಅರ್ಜಿ ಯಾವ ಜಿಲ್ಲೆಗೆ ಸಲ್ಲಿಸಬೇಕು

ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹೊಸಪೇಟೆ ನಗರ, ಕಮಲಾಪುರ ಮತ್ತು ಹಂಪಿ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ತುಂಗಭದ್ರೆಯ ಎಡದಂಡೆಯ ಆನೆಗೊಂದಿ, ವಿರೂಪಾಪುರ ಗಡ್ಡೆ ಮೊದಲಾದವು ಕೊಪ್ಪಳ ಜಿಲ್ಲೆಯವು. ಹೀಗೆ ಕೆಲವೇ ಕಿಲೋಮೀಟರ್ ಅಂತರದಲ್ಲಿ ಮೂರು ಜಿಲ್ಲೆಗಳ ಗಡಿ ಇರುವುದರಿಂದ, ಘಟಕ ಸ್ಥಾಪನೆಯಾಗುವ ಸ್ಥಳ ಯಾವ ಜಿಲ್ಲೆಯದೋ ಆ ಜಿಲ್ಲೆಯ ಕೈಗಾರಿಕಾ ಕೇಂದ್ರಕ್ಕೆ ಅರ್ಜಿ ಸಲ್ಲಿಸಬೇಕು. ಅರ್ಜಿದಾರರ ಸ್ವಂತ ಊರು ಬೇರೆಯಾಗಿದ್ದರೂ ಘಟಕದ ಸ್ಥಳವೇ ಮುಖ್ಯ.

ಕಂಪ್ಲಿ ಭಾಗದವರು ಇನ್ನೊಂದು ಅಂಶವನ್ನು ಗಮನಿಸಬೇಕು. ಕಂಪ್ಲಿಯು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಹೊಸಪೇಟೆ ತಾಲ್ಲೂಕಿಗೆ ಸೇರಿತ್ತು. ಆದ್ದರಿಂದ ಹಳೆಯ ಕ್ರಯಪತ್ರ, ಶಾಲಾ ದಾಖಲೆ ಮತ್ತು ಗುರುತಿನ ಚೀಟಿಗಳಲ್ಲಿ ಹೊಸಪೇಟೆ ತಾಲ್ಲೂಕು ಎಂದೇ ನಮೂದಾಗಿರುವುದು ಸಾಮಾನ್ಯ. ಇದರ ಮೇಲೆ 2014ರ ನವೆಂಬರ್ 1ರಂದು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು; ಬೆಳ್ಳಾರಿ ಎಂದು ಓದುವಂತಿದ್ದುದು ಬಳ್ಳಾರಿಯೆಂದೂ, ಹಾಸ್ಪೆಟ್ ಎಂಬುದು ಹೊಸಪೇಟೆಯೆಂದೂ ತಿದ್ದುಪಡಿಯಾಯಿತು. ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಖಾತೆಗಳಲ್ಲಿ ವಿಳಾಸ ಒಂದೊಂದು ಬಗೆಯಾಗಿದ್ದರೆ ಅರ್ಜಿ ಪರಿಶೀಲನೆ ಅನಗತ್ಯವಾಗಿ ವಿಳಂಬವಾಗುತ್ತದೆ. ಇದನ್ನು ಅರ್ಜಿಗೆ ಮುನ್ನವೇ ಸರಿಪಡಿಸಿಕೊಳ್ಳುವುದು ಸೂಕ್ತ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿರತಕ್ಕದ್ದು.

ಹಣದ ಮೂಲಗಳು

ಉದ್ಯಮಕ್ಕೆ ದೊರೆಯುವ ಹಣ ಮೂರು ಬಗೆಯದು. ಮರುಪಾವತಿ ಮಾಡಬೇಕಾದ ಸಾಲ. ಸಾಲದೊಂದಿಗೆ ಸೇರಿ ಬರುವ ಸಹಾಯಧನ. ಉದ್ಯಮದಲ್ಲಿ ಪಾಲು ಪಡೆದು ಹೂಡಿಕೆದಾರರು ತೊಡಗಿಸುವ ಬಂಡವಾಳ. ಇವುಗಳ ಹೊರತಾಗಿ ಹೊಸ ಕಲ್ಪನೆಗಳಿಗೆ ಸರ್ಕಾರ ನೀಡುವ ಅನುದಾನವೂ ಇದೆ. ಹೋಟೆಲು, ಹಿಟ್ಟಿನ ಗಿರಣಿ, ಗ್ಯಾರೇಜು, ಬಾಳೆಕಾಯಿ ಚಿಪ್ಸ್ ಘಟಕ, ಹೊಲಿಗೆ ಕೇಂದ್ರ ಇಂತಹ ಉದ್ಯಮಗಳಿಗೆ ಹೊಂದುವುದು ಮೊದಲ ಎರಡು ಮಾತ್ರ. ಇಂತಹವುಗಳಿಗೆ ಹೂಡಿಕೆದಾರರನ್ನು ಹುಡುಕಿ ಬೆಂಗಳೂರಿಗೆ ಅಲೆಯುವುದು ಕಾಲವ್ಯಯವಷ್ಟೇ.

ಅತಿ ಸಣ್ಣ ಉದ್ಯಮಗಳಿಗೆ 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ ಮೇಲಾಧಾರವಿಲ್ಲದೆ ಸಾಲ ನೀಡಲಾಗುತ್ತದೆ. ಶಿಶು ವರ್ಗದಲ್ಲಿ 50,000 ರೂ., ಕಿಶೋರ ವರ್ಗದಲ್ಲಿ 5 ಲಕ್ಷ ರೂ., ತರುಣ ವರ್ಗದಲ್ಲಿ 10 ಲಕ್ಷ ರೂ.ಗಳವರೆಗೆ ಮಿತಿ ಇದೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷ ರೂ.ಗಳವರೆಗೆ ಸಾಲ ಪಡೆಯುವ ಅವಕಾಶವನ್ನು 2024ರಲ್ಲಿ ಕಲ್ಪಿಸಲಾಯಿತು. ಮುದ್ರಾ ಯೋಜನೆಯಲ್ಲಿ ಸಹಾಯಧನವಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು. ಮಹಿಳೆಯರಿಗಾಗಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ. ಇದರಲ್ಲಿ ಬ್ಯಾಂಕ್ ಸಾಲದೊಂದಿಗೆ ಸಹಾಯಧನವಿದ್ದು ಕುಟುಂಬದ ವಾರ್ಷಿಕ ಆದಾಯದ ಮಿತಿ ಅನ್ವಯಿಸುತ್ತದೆ. ಬಡಗಿ, ಕಮ್ಮಾರ, ಕುಂಬಾರ, ಶಿಲ್ಪಿ, ದರ್ಜಿ, ಬುಟ್ಟಿ ಹೆಣೆಯುವವರು, ದೋಣಿ ತಯಾರಕರು ಸೇರಿದಂತೆ 18 ಕಸುಬುಗಳವರಿಗೆ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ತರಬೇತಿ, 15,000 ರೂ. ಮೌಲ್ಯದ ಉಪಕರಣ ಮತ್ತು ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂ. ಸಾಲದ ಸೌಲಭ್ಯವನ್ನು ರೂಪಿಸಲಾಗಿದೆ.

ಹೊಸ ತಂತ್ರಜ್ಞಾನ ಅಥವಾ ಹೊಸ ಸೇವೆಯನ್ನು ರೂಪಿಸುವ ನವೋದ್ಯಮಗಳ ವಿಷಯ ಬೇರೆ. ರಾಜ್ಯದ ಎಲಿವೇಟ್ ಕಾರ್ಯಕ್ರಮವು 2017ರಲ್ಲಿ ಆರಂಭವಾಗಿದ್ದು, ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷ ರೂ.ಗಳವರೆಗೆ ಅನುದಾನ ನೀಡುವಂತೆ ರೂಪಿತವಾಯಿತು. ಕಲ್ಯಾಣ ಕರ್ನಾಟಕದ ನವೋದ್ಯಮಗಳಿಗೆಂದೇ ಪ್ರತ್ಯೇಕ ಸುತ್ತನ್ನೂ ನಡೆಸಲಾಗಿದೆ. ಬಳ್ಳಾರಿ ಮತ್ತು ವಿಜಯನಗರ ಎರಡೂ ಜಿಲ್ಲೆಗಳು ಕಲ್ಯಾಣ ಕರ್ನಾಟಕಕ್ಕೆ ಸೇರಿರುವುದರಿಂದ ಇಲ್ಲಿನ ಇಂಜಿನಿಯರಿಂಗ್ ಪದವೀಧರರು ಅಂತಹ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ಇಂತಹ ಅನುದಾನಗಳು ಖಾಸಗಿ ನಿಯಮಿತ ಕಂಪನಿ, ಸೀಮಿತ ಹೊಣೆಗಾರಿಕೆ ಪಾಲುದಾರಿಕೆಯಂತಹ ನೋಂದಾಯಿತ ಸಂಸ್ಥೆಗಳಿಗಾಗಿ ಇವೆ. ಏಕವ್ಯಕ್ತಿ ಒಡೆತನದ ಅಂಗಡಿಗೆ ದೊರೆಯುವುದಿಲ್ಲ.

ಉದ್ಯಮ ಯಾವುದೇ ಇರಲಿ, ಉದ್ಯಮ್ ನೋಂದಣಿ ಅವಶ್ಯ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಯಾವುದೇ ಶುಲ್ಕವಿಲ್ಲ. ಶುಲ್ಕ ಕೇಳುವ ಜಾಲತಾಣಗಳು ಸರ್ಕಾರದವಲ್ಲ.

ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಲೆಕ್ಕ

ಈ ಭಾಗದ ಹೊಸ ಉದ್ಯಮಿಗಳು ಹೆಚ್ಚು ವಿಚಾರಿಸುವ ಯೋಜನೆ ಇದು. ಪಿಎಂಇಜಿಪಿ ಎಂದೇ ಪರಿಚಿತ. ಹಿಂದಿನ ಎರಡು ಯೋಜನೆಗಳನ್ನು ವಿಲೀನಗೊಳಿಸಿ 2008ರಲ್ಲಿ ಇದನ್ನು ಆರಂಭಿಸಲಾಯಿತು. 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ತಯಾರಿಕಾ ಘಟಕಕ್ಕೆ ಯೋಜನಾ ವೆಚ್ಚದ ಗರಿಷ್ಠ ಮಿತಿ 50 ಲಕ್ಷ ರೂ., ಸೇವಾ ಘಟಕಕ್ಕೆ 20 ಲಕ್ಷ ರೂ. ಸಾಮಾನ್ಯ ವರ್ಗದ ಅರ್ಜಿದಾರರು ಶೇ. 10ರಷ್ಟು ಸ್ವಂತ ವಂತಿಗೆ ಹಾಕಬೇಕು. ಅವರಿಗೆ ನಗರ ಪ್ರದೇಶದಲ್ಲಿ ಶೇ. 15, ಗ್ರಾಮೀಣ ಪ್ರದೇಶದಲ್ಲಿ ಶೇ. 25ರಷ್ಟು ಸಹಾಯಧನವಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಮಾಜಿ ಸೈನಿಕರು, ಅಂಗವಿಕಲರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ವಿಶೇಷ ವರ್ಗದಲ್ಲಿ ಬರುತ್ತಾರೆ. ಇವರ ವಂತಿಗೆ ಶೇ. 5, ಸಹಾಯಧನ ನಗರದಲ್ಲಿ ಶೇ. 25, ಗ್ರಾಮೀಣದಲ್ಲಿ ಶೇ. 35.

ಉದಾಹರಣೆಗೆ, ಮಹಿಳೆಯೊಬ್ಬರು 8 ಲಕ್ಷ ರೂ. ವೆಚ್ಚದ ಬಾಳೆಕಾಯಿ ಚಿಪ್ಸ್ ಘಟಕವನ್ನು ಕಂಪ್ಲಿ ಪುರಸಭೆಯ ವ್ಯಾಪ್ತಿಯಲ್ಲಿ ಸ್ಥಾಪಿಸಿದರೆ ಸಹಾಯಧನ 2 ಲಕ್ಷ ರೂ. ಅದೇ ಘಟಕವನ್ನು ಪಕ್ಕದ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಸ್ಥಾಪಿಸಿದರೆ 2.80 ಲಕ್ಷ ರೂ. ಎರಡೂ ಕಡೆ ಅವರ ವಂತಿಗೆ 40,000 ರೂ. ಮಾತ್ರ. ಬಾಳೆ ಬೆಳೆಯುವ ತೋಟಗಳೂ ಗ್ರಾಮಗಳಲ್ಲಿಯೇ ಇರುವುದರಿಂದ ಸಾಗಣೆಯ ಖರ್ಚೂ ಉಳಿಯುತ್ತದೆ. ಆದರೆ ಮೂರು ಫೇಸಿನ ವಿದ್ಯುತ್ ಸಂಪರ್ಕ ಮತ್ತು ಮಳೆಗಾಲದಲ್ಲಿ ಲಾರಿ ಹೋಗುವ ರಸ್ತೆ ಇವೆಯೇ ಎಂದು ಖಚಿತಪಡಿಸಿಕೊಳ್ಳದೆ 80,000 ರೂ. ವ್ಯತ್ಯಾಸಕ್ಕಾಗಿ ಮಾತ್ರ ಸ್ಥಳ ಬದಲಿಸುವುದು ಜಾಣತನವಲ್ಲ.

ಸಹಾಯಧನದ ಕುರಿತು ವ್ಯಾಪಕವಾದ ತಪ್ಪು ತಿಳಿವಳಿಕೆ ಇದೆ. ಈ ಹಣ ಉದ್ಯಮಿಯ ಕೈಗೆ ಬರುವುದಿಲ್ಲ. ಬ್ಯಾಂಕು ಅದನ್ನು ಅರ್ಜಿದಾರರ ಹೆಸರಿನಲ್ಲಿ ಮೂರು ವರ್ಷ ಠೇವಣಿಯಾಗಿ ಇರಿಸುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲದ ಮೇಲೂ ಬಡ್ಡಿ ವಿಧಿಸುವುದಿಲ್ಲ. ಮೂರು ವರ್ಷ ಘಟಕ ನಡೆದಿದೆ ಎಂದು ಸ್ಥಳ ಪರಿಶೀಲನೆಯಲ್ಲಿ ದೃಢಪಟ್ಟ ನಂತರ ಸಾಲಕ್ಕೆ ಜಮಾ ಆಗುತ್ತದೆ. ಆದ್ದರಿಂದ ಮೊದಲ ಮೂರು ವರ್ಷದ ಕಂತುಗಳನ್ನು ಸಹಾಯಧನದ ಭರವಸೆಯಿಲ್ಲದೆ, ವ್ಯಾಪಾರದ ಹಣದಿಂದಲೇ ಕಟ್ಟಬೇಕು.

ಇನ್ನೊಂದು ಷರತ್ತನ್ನು ವಿಶೇಷವಾಗಿ ಗಮನಿಸಬೇಕು. ಈ ಕಾರ್ಯಕ್ರಮ ಹೊಸ ಘಟಕಗಳಿಗೆ ಮಾತ್ರ. ಸಾಲ ಬರುವುದೆಂಬ ನಂಬಿಕೆಯಿಂದ ಕೈಸಾಲ ಮಾಡಿ ಯಂತ್ರ ತಂದು ಕೆಲಸ ಆರಂಭಿಸಿ, ತದನಂತರ ಅರ್ಜಿ ಸಲ್ಲಿಸಿದವರ ಘಟಕ ಅಸ್ತಿತ್ವದಲ್ಲಿರುವ ಘಟಕವೆಂದು ಪರಿಗಣಿತವಾಗಿ ಸೌಲಭ್ಯದಿಂದ ಹೊರಗುಳಿಯುತ್ತದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ. ತಯಾರಿಕೆಯಲ್ಲಿ 10 ಲಕ್ಷ ರೂ. ಮತ್ತು ಸೇವೆಯಲ್ಲಿ 5 ಲಕ್ಷ ರೂ. ಮೀರಿದ ಯೋಜನೆಗಳಿಗೆ ಅರ್ಜಿದಾರರು ಕನಿಷ್ಠ ಎಂಟನೇ ತರಗತಿ ಉತ್ತೀರ್ಣರಾಗಿರಬೇಕು.

ಆಹಾರ ಸಂಸ್ಕರಣೆಯ ಕಿರು ಘಟಕಗಳಿಗೆ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯೂ ಇದೆ. ಇದರಲ್ಲಿ ಕೇಂದ್ರದ ಮಾರ್ಗಸೂಚಿಯಂತೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಸಹಾಯಧನವಿದ್ದು, ಕರ್ನಾಟಕ ಸರ್ಕಾರ ಇದಕ್ಕೆ ಹೆಚ್ಚುವರಿ ನೆರವನ್ನೂ ಸೇರಿಸಿದೆ. ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ಬಳ್ಳಾರಿ ಜಿಲ್ಲೆಗೆ ಅಂಜೂರವನ್ನು ಗುರುತಿಸಲಾಗಿದೆ. ಪಿಎಂಇಜಿಪಿ ಮತ್ತು ಪಿಎಂಎಫ್‌ಎಂಇ ಎರಡಕ್ಕೂ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಅವಧಿ 2025-26ರವರೆಗಿನದು. ಆದಕಾರಣ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಮಾರ್ಗಸೂಚಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಕೃಷಿ ಇಲಾಖೆಯಲ್ಲಿ ವಿಚಾರಿಸತಕ್ಕದ್ದು.

ಯೋಜನಾ ವರದಿ

ಯೋಜನಾ ವರದಿಯನ್ನು ಅರ್ಜಿದಾರರೇ ತಯಾರಿಸಬೇಕು. ಕನಿಷ್ಠಪಕ್ಷ ಅದರಲ್ಲಿನ ಪ್ರತಿಯೊಂದು ಅಂಕಿಯನ್ನು ವಿವರಿಸಲು ಶಕ್ತರಾಗಿರಬೇಕು. ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ವರದಿಗಳಲ್ಲಿ ಹೆಸರು ಬದಲಾಗಿರುತ್ತದೆಯೇ ಹೊರತು ಲೆಕ್ಕ ಬದಲಾಗಿರುವುದಿಲ್ಲ. ಬ್ಯಾಂಕಿನ ಅಧಿಕಾರಿಗಳಿಗೆ ಇಂತಹ ವರದಿಗಳು ಮೊದಲ ಪುಟದಲ್ಲೇ ತಿಳಿದುಹೋಗುತ್ತವೆ.

ಬ್ಯಾಂಕು ಮುಖ್ಯವಾಗಿ ಪರಿಶೀಲಿಸುವುದು ಕಂತು ಕಟ್ಟುವ ಸಾಮರ್ಥ್ಯವನ್ನು. ಮೇಲಿನ ಉದಾಹರಣೆಯಲ್ಲಿ ಬ್ಯಾಂಕ್ ಸಾಲ 7.60 ಲಕ್ಷ ರೂ. ಪೂರ್ಣ ಮೊತ್ತವನ್ನು ಶೇ. 11ರ ಬಡ್ಡಿಯಲ್ಲಿ ಐದು ವರ್ಷದ ಅವಧಿ ಸಾಲವೆಂದು ಭಾವಿಸಿದರೆ ತಿಂಗಳ ಕಂತು ಸುಮಾರು 16,500 ರೂ., ವರ್ಷಕ್ಕೆ ಸುಮಾರು 1.98 ಲಕ್ಷ ರೂ. ಕಚ್ಚಾ ಮಾಲು, ಎಣ್ಣೆ, ಕೂಲಿ, ಬಾಡಿಗೆ, ವಿದ್ಯುತ್ ಎಲ್ಲ ಕಳೆದು, ಕಂತಿಗೆ ಮುನ್ನ ವರ್ಷಕ್ಕೆ 3 ಲಕ್ಷ ರೂ. ಉಳಿಯುವುದಾದರೆ ಉಳಿಕೆಯು ಕಂತಿನ ಒಂದೂವರೆ ಪಟ್ಟು. ಇದನ್ನು ಬ್ಯಾಂಕುಗಳು ಸಾಮಾನ್ಯವಾಗಿ ಸಮಾಧಾನಕರವೆಂದು ಪರಿಗಣಿಸುತ್ತವೆ. ಉಳಿಕೆ 1.80 ಲಕ್ಷ ರೂ.ಗೆ ಇಳಿದರೆ ಕಂತಿಗೇ ಸಾಲದು. ಎಣ್ಣೆಯ ದರ ಏರಿದರೆ ಅಥವಾ ಮಾರಾಟ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಏನಾಗುವುದೆಂಬ ಲೆಕ್ಕವನ್ನು ವರದಿಯಲ್ಲಿಯೇ ತೋರಿಸಿದ ಅರ್ಜಿದಾರರ ಬಗ್ಗೆ ಬ್ಯಾಂಕಿಗೆ ವಿಶ್ವಾಸ ಹೆಚ್ಚುತ್ತದೆ. ಎಲ್ಲ ವರ್ಷವೂ ಲಾಭ ಏರುತ್ತಲೇ ಹೋಗುವ ವರದಿಯನ್ನು ಯಾರೂ ನಂಬುವುದಿಲ್ಲ.

ದುಡಿಯುವ ಬಂಡವಾಳವನ್ನು ಕಡೆಗಣಿಸುವುದು ಹೊಸ ಘಟಕಗಳು ಮುಚ್ಚಲು ಬಹು ದೊಡ್ಡ ಕಾರಣ. ರೈತರಿಗೆ ಬಾಳೆಗೊನೆಯ ಹಣವನ್ನು ಅದೇ ದಿನ ಕೊಡಬೇಕಾಗುತ್ತದೆ. ಅಂಗಡಿಯವರು ಚಿಪ್ಸ್ ಪೊಟ್ಟಣಗಳ ಹಣವನ್ನು ತಿಂಗಳ ನಂತರ ಕೊಡುತ್ತಾರೆ. ದಿನಕ್ಕೆ 5,000 ರೂ. ಖರ್ಚಿನ ಘಟಕಕ್ಕೆ ಈ ಮೂವತ್ತು ದಿನದ ಅಂತರವನ್ನು ತುಂಬಲು 1.50 ಲಕ್ಷ ರೂ. ಬೇಕು. ಇಡೀ ಸಾಲವನ್ನು ಯಂತ್ರಕ್ಕೆ ಹಾಕಿದವರು ಎರಡನೇ ತಿಂಗಳಲ್ಲೇ ಬಡ್ಡಿ ವ್ಯಾಪಾರಿಯ ಬಾಗಿಲಿಗೆ ಹೋಗಬೇಕಾಗುತ್ತದೆ.

ಸ್ಥಳೀಯ ಋತುಮಾನವೂ ವರದಿಯಲ್ಲಿ ಕಾಣಬೇಕು. ಹಂಪಿಗೆ ಪ್ರವಾಸಿಗರು ಹೆಚ್ಚಾಗಿ ಬರುವುದು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಬೇಸಿಗೆಯ ಬಿಸಿಲಿನಲ್ಲಿ ವ್ಯಾಪಾರ ಕುಸಿಯುತ್ತದೆ. ಹಂಪಿ ಉತ್ಸವದ ಮೂರು ದಿನದ ಮಾರಾಟವನ್ನು ಹನ್ನೆರಡು ತಿಂಗಳಿಗೆ ಗುಣಿಸಿ ಆದಾಯ ತೋರಿಸುವುದು ಸರಿಯಲ್ಲ. ಪ್ರವಾಸೋದ್ಯಮ ಘಟಕದವರು ಕಂತುಗಳನ್ನು ಋತುವಿಗೆ ಹೊಂದಿಸಿಕೊಡುವಂತೆ ಮಂಜೂರಾತಿಗೆ ಮುನ್ನವೇ ಬ್ಯಾಂಕನ್ನು ಕೋರಬಹುದು. ಕಂಪ್ಲಿ ಭಾಗದ ಅಕ್ಕಿ ಗಿರಣಿ ಮತ್ತು ಅದನ್ನು ಅವಲಂಬಿಸಿದ ಉದ್ಯಮಗಳು ತುಂಗಭದ್ರಾ ಜಲಾಶಯದ ನೀರನ್ನು ನಂಬಿವೆ. ಎರಡನೇ ಬೆಳೆಗೆ ನೀರು ಪ್ರತಿ ವರ್ಷವೂ ಖಚಿತವಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಭಾರಿ ಪ್ರಮಾಣದ ನೀರು ನದಿಗೆ ಹರಿದುದನ್ನು ಈ ಭಾಗದವರು ಕಂಡಿದ್ದಾರೆ. ವರ್ಷಕ್ಕೆ ಒಂದೇ ಬೆಳೆಯ ಭತ್ತ ದೊರೆತರೂ ಕಂತು ಕಟ್ಟಲು ಸಾಧ್ಯವೇ ಎಂಬ ಪ್ರಶ್ನೆಗೆ ವರದಿಯಲ್ಲಿ ಉತ್ತರ ಇರಬೇಕು.

ಹಂಪಿ ಪ್ರದೇಶದಲ್ಲಿ ಉದ್ಯಮ ಸ್ಥಾಪಿಸುವವರಿಗೆ ವಿಶೇಷ ಸೂಚನೆ

ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಪ್ರದೇಶದ ರಕ್ಷಣೆಗಾಗಿ ರಾಜ್ಯ ಸರ್ಕಾರ 2002ರಲ್ಲಿ ಪ್ರತ್ಯೇಕ ಅಧಿನಿಯಮ ರೂಪಿಸಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಸ್ಥಾಪಿಸಿದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕಗಳು ಎಲ್ಲೆಡೆ ಹರಡಿರುವ ಹಂಪಿ, ಕಮಲಾಪುರ ಪರಿಸರದಲ್ಲಿ ಈ ವಲಯಗಳು ಒಂದರೊಳಗೊಂದು ಸೇರಿಕೊಂಡಿವೆ. ಬರಿಗಣ್ಣಿಗೆ ಖಾಲಿ ಹೊಲದಂತೆ ಕಾಣುವ ಜಾಗದಲ್ಲಿಯೂ ಕಟ್ಟಡ ನಿರ್ಮಿಸಲು ಅನುಮತಿ ಇಲ್ಲದಿರಬಹುದು.

ಇದನ್ನು ಕಡೆಗಣಿಸಿದವರಿಗೆ ಆದ ನಷ್ಟ ಎಲ್ಲರಿಗೂ ತಿಳಿದ ಸಂಗತಿ. ವಿರೂಪಾಪುರ ಗಡ್ಡೆಯಲ್ಲಿ ವರ್ಷಾನುಗಟ್ಟಲೆ ನಡೆಯುತ್ತಿದ್ದ ರೆಸ್ಟೋರೆಂಟು ಹಾಗೂ ವಸತಿಗೃಹಗಳನ್ನು ತೆರವುಗೊಳಿಸುವ ಪ್ರಾಧಿಕಾರದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಮುಂದಿನ ತಿಂಗಳು ಅವುಗಳನ್ನು ನೆಲಸಮಗೊಳಿಸಲಾಯಿತು. ಅದಕ್ಕೆ ಮುನ್ನ 2011ರಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಹಂಪಿ ಬಜಾರಿನ ಅಂಗಡಿ ಮತ್ತು ಮನೆಗಳು ತೆರವಾದವು. ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಎಂಬುದಾಗಲಿ, ಪಕ್ಕದವರೂ ಕಟ್ಟಿದ್ದಾರೆ ಎಂಬುದಾಗಲಿ, ವಿದ್ಯುತ್ ಸಂಪರ್ಕ ದೊರೆತಿದೆ ಎಂಬುದಾಗಲಿ ನಿರ್ಮಾಣದ ಅನುಮತಿಗೆ ಸಮನಲ್ಲ. ಕಟ್ಟಡ ಹೋದರೂ ಸಾಲ ಉಳಿಯುತ್ತದೆ.

ಆದ್ದರಿಂದ ಈ ಪ್ರದೇಶದಲ್ಲಿ ಜಾಗ ಖರೀದಿಸುವ, ಭೋಗ್ಯಕ್ಕೆ ಪಡೆಯುವ ಅಥವಾ ಮುಂಗಡ ನೀಡುವ ಮೊದಲೇ ಸರ್ವೆ ನಂಬರಿನೊಂದಿಗೆ ಪ್ರಾಧಿಕಾರದ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸತಕ್ಕದ್ದು. ಸ್ಮಾರಕಗಳ ಸಮೀಪವಾದರೆ ಪುರಾತತ್ವ ಇಲಾಖೆಯ ನಿಯಮಗಳೂ ಅನ್ವಯಿಸುತ್ತವೆ. ಇದ್ದ ಮನೆಯಲ್ಲಿಯೇ ಹೋಂಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೊಸ ಕಟ್ಟಡ ಬೇಡದ ಉದ್ಯಮಗಳು, ಅಂದರೆ ಮಾರ್ಗದರ್ಶಿ ಸೇವೆ, ಸೈಕಲ್ ಬಾಡಿಗೆ, ಊಟದ ಸರಬರಾಜು, ಬಾಳೆನಾರಿನ ವಸ್ತುಗಳ ತಯಾರಿಕೆ ಮೊದಲಾದವು ಹಂಪಿ ಪರಿಸರದಲ್ಲಿ ಕಡಿಮೆ ಅಪಾಯದವು. ಹೆಚ್ಚಿನ ಬಂಡವಾಳದ ಹೋಟೆಲು ಕಟ್ಟುವವರಿಗೆ ಹೊಸಪೇಟೆ ನಗರವೇ ಅನುಕೂಲಕರ.

ಸಂಡೂರು ಭಾಗ

ಸಂಡೂರಿನಲ್ಲಿ ಉದ್ಯಮವೆಂದರೆ ಗಣಿಗೆ ಪೂರಕವಾದ ವ್ಯವಹಾರವೆಂಬ ಭಾವನೆ ಬಹುಕಾಲ ಇತ್ತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಸಾಲ ಮಾಡಿ ಲಾರಿ ಕೊಂಡವರು, ಗ್ಯಾರೇಜು, ಢಾಬಾ, ಟೈರು ಅಂಗಡಿ ನಡೆಸುವವರು ಒಂದೇ ಹೊಡೆತಕ್ಕೆ ಸಿಲುಕಿದರು. ಮುಂದೆ ನಿಯಂತ್ರಿತ ಪ್ರಮಾಣದಲ್ಲಿ ಗಣಿಗಾರಿಕೆ ಪುನರಾರಂಭವಾಯಿತಾದರೂ, ಒಂದೇ ಖರೀದಿದಾರ ಅಥವಾ ಒಂದೇ ಕಾರ್ಖಾನೆಯನ್ನು ನಂಬಿದ ಅರ್ಜಿಗಳನ್ನು ಬ್ಯಾಂಕುಗಳು ಎಚ್ಚರಿಕೆಯಿಂದ ನೋಡುವುದಕ್ಕೆ ಈ ಅನುಭವವೂ ಕಾರಣ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಿಡಿಭಾಗ ಅಥವಾ ಸೇವೆ ಒದಗಿಸಲು ಬಯಸುವವರು ಲಿಖಿತ ಖರೀದಿ ಆದೇಶವನ್ನು ಅರ್ಜಿಯೊಂದಿಗೆ ಲಗತ್ತಿಸಬೇಕು. ಜೊತೆಗೆ ಬೇರೆ ಇಬ್ಬರು ಮೂವರು ಗ್ರಾಹಕರ ಸಾಧ್ಯತೆಯನ್ನೂ ತೋರಿಸಬೇಕು.

ಇದೇ ತಾಲ್ಲೂಕಿನ ಲಂಬಾಣಿ ಕಸೂತಿಯ ದಾರಿ ಬೇರೆ ಬಗೆಯದು. ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ತಾಂಡಾಗಳ ಮಹಿಳೆಯರು ದಶಕಗಳಿಂದ ಈ ಕೆಲಸದಲ್ಲಿ ತೊಡಗಿದ್ದಾರೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಈ ಕಸುಬಿನಲ್ಲಿ ಹೊಸದಾಗಿ ಉದ್ಯಮ ಆರಂಭಿಸುವವರು ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು ಒಳಿತು. ದಾಖಲೆ ಮತ್ತು ಮಾನ್ಯತೆಗಳು ಹೆಸರು ತರುತ್ತವೆ. ಆದರೆ ಒಂದು ಚೀಲಕ್ಕೆ ಎಷ್ಟು ಗಂಟೆಯ ಕೆಲಸ, ಕಸೂತಿ ಹಾಕಿದವರಿಗೆ ಎಷ್ಟು ಕೂಲಿ, ಅಂಗಡಿಯ ದರ ಎಷ್ಟು ಎಂಬ ಲೆಕ್ಕವಿಲ್ಲದೆ ಬ್ಯಾಂಕು ಸಾಲ ನೀಡುವುದಿಲ್ಲ. ಗಂಟೆಯ ಲೆಕ್ಕ ಹಿಡಿಯದೆ ದರ ನಿಗದಿ ಮಾಡುವುದು ಕರಕುಶಲ ಘಟಕಗಳಲ್ಲಿ ಎಲ್ಲೆಡೆ ಕಾಣುವ ದೋಷ.

ಬ್ಯಾಂಕಿನಲ್ಲಿ

ಅರ್ಜಿದಾರರ ಹಿಂದಿನ ಸಾಲದ ಇತಿಹಾಸವನ್ನು ಬ್ಯಾಂಕು ಮೊದಲು ಪರಿಶೀಲಿಸುತ್ತದೆ. ಚಿನ್ನದ ಸಾಲ, ಬೈಕಿನ ಸಾಲ, ಸ್ವಸಹಾಯ ಗುಂಪಿನ ಸಾಲ, ಬೇರೆಯವರಿಗೆ ಹಾಕಿದ ಜಾಮೀನು ಎಲ್ಲವೂ ಅದರಲ್ಲಿ ಕಾಣಬಹುದು. ಪ್ರತಿಯೊಂದು ಕ್ರೆಡಿಟ್ ಮಾಹಿತಿ ಕಂಪನಿಯಿಂದ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ತೀರಿಸಿದ ಸಾಲ ಬಾಕಿಯೆಂದು ತೋರುತ್ತಿದ್ದರೆ ಸಂಬಂಧಿಸಿದ ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದು ತಿದ್ದುಪಡಿ ಮಾಡಿಸಿಕೊಂಡ ನಂತರವೇ ಅರ್ಜಿ ಸಲ್ಲಿಸುವುದು ಉತ್ತಮ.

ಮೇಲಾಧಾರವಿಲ್ಲವೆಂಬ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಕಿರು ಮತ್ತು ಸಣ್ಣ ಉದ್ಯಮಗಳಿಗೆ 10 ಲಕ್ಷ ರೂ.ಗಳವರೆಗಿನ ಸಾಲಕ್ಕೆ ಮೇಲಾಧಾರ ಕೇಳಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕು 2010ರಲ್ಲಿಯೇ ಸೂಚಿಸಿದೆ. ಅದಕ್ಕೂ ಹೆಚ್ಚಿನ ಸಾಲಕ್ಕೆ 2000ನೇ ಇಸವಿಯಲ್ಲಿ ಸ್ಥಾಪನೆಯಾದ ಸಾಲ ಖಾತರಿ ನಿಧಿ ಟ್ರಸ್ಟಿನ ಖಾತರಿಯನ್ನು ಬ್ಯಾಂಕು ಪಡೆಯಬಹುದು. ಇದು ಬ್ಯಾಂಕಿಗೆ ದೊರೆಯುವ ಖಾತರಿಯೇ ಹೊರತು ಸಾಲಗಾರರಿಗೆ ಮನ್ನಾ ಅಲ್ಲ. ಸಾಲ ತೀರಿಸುವ ಹೊಣೆ ಪೂರ್ಣವಾಗಿ ಉಳಿಯುತ್ತದೆ.

ತರಬೇತಿಗಾಗಿ ಜಿಲ್ಲೆಗಳಲ್ಲಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಹಾಗೂ ಧಾರವಾಡದಲ್ಲಿ ಕೇಂದ್ರ ಕಚೇರಿಯುಳ್ಳ ಸಿಡಾಕ್ ಸಂಸ್ಥೆಯ ಜಿಲ್ಲಾ ಘಟಕಗಳನ್ನು ಸಂಪರ್ಕಿಸಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿಯೇ ದೇಶದಾದ್ಯಂತ ಈ ತರಬೇತಿ ಸಂಸ್ಥೆಗಳು ರೂಪುಗೊಂಡಿವೆ. ಅರ್ಜಿಗೆ ಮುನ್ನ ತರಬೇತಿ ಪಡೆದವರು ಸಂದರ್ಶನದಲ್ಲಿ ಉತ್ತರಿಸುವ ರೀತಿಯೇ ಬೇರೆಯಾಗಿರುತ್ತದೆ.

ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಕಾರಣ ತಿಳಿಯದೆ ಅದೇ ವರದಿಯನ್ನು ಇನ್ನೊಂದು ಶಾಖೆಗೆ ಒಯ್ಯುವುದರಿಂದ ಪ್ರಯೋಜನವಿಲ್ಲ. ಕಾರಣ ಸರಿಯಲ್ಲವೆಂದು ಕಂಡುಬಂದರೆ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರು ಅಥವಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಮನವಿ ಸಲ್ಲಿಸಬಹುದು. ಬ್ಯಾಂಕಿನ ಸೇವಾ ಲೋಪದ ಬಗ್ಗೆ ಬ್ಯಾಂಕಿಗೆ ದೂರು ನೀಡಿ 30 ದಿನಗಳಾದರೂ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಲು ಅವಕಾಶವಿದೆ. ಆದರೆ ಸಾಲ ನೀಡುವ ಅಥವಾ ನಿರಾಕರಿಸುವ ವಾಣಿಜ್ಯ ತೀರ್ಮಾನವನ್ನು ಅವರು ಬದಲಿಸುವುದಿಲ್ಲ.

ಪಿಎಂಇಜಿಪಿ, ಮುದ್ರಾ ಮತ್ತು ಉದ್ಯಮ್ ಯಾವುದರ ಅರ್ಜಿಗೂ ಶುಲ್ಕವಿಲ್ಲ. ಸಹಾಯಧನದಲ್ಲಿ ಪಾಲು ಕೇಳುವ ಅಥವಾ ಮಂಜೂರು ಮಾಡಿಸಿಕೊಡುವುದಾಗಿ ಮುಂಗಡ ಪಡೆಯುವ ಮಧ್ಯವರ್ತಿಗಳಿಗೆ ಹಣ ನೀಡಬಾರದು. ಸುಳ್ಳು ದರಪಟ್ಟಿ ನೀಡಿ ಯಂತ್ರ ಖರೀದಿಸದೆ ಸಾಲದ ಹಣವನ್ನು ಬೇರೆಡೆ ಬಳಸಿದಲ್ಲಿ ಸಹಾಯಧನ ಹಿಂದಕ್ಕೆ ಹೋಗುತ್ತದೆ. ಸಾಲದ ಪೂರ್ಣ ಹೊಣೆ ದರಪಟ್ಟಿ ಕೊಡಿಸಿದ ಮಧ್ಯವರ್ತಿಯ ಮೇಲಲ್ಲ, ಸಹಿ ಮಾಡಿದ ಅರ್ಜಿದಾರರ ಮೇಲೆಯೇ ಬೀಳುತ್ತದೆ. ಇಂತಹ ಬೇಡಿಕೆ ಬಂದಲ್ಲಿ ಸಂಬಂಧಪಟ್ಟ ಜಿಲ್ಲೆಯ ಕೈಗಾರಿಕಾ ಕೇಂದ್ರಕ್ಕೆ ಕಚೇರಿ ವೇಳೆಯಲ್ಲಿ ಲಿಖಿತವಾಗಿ ತಿಳಿಸಲು ಕೋರಲಾಗಿದೆ.